ಟೆಸ್ಟ್ ಸ್ಕ್ರಿಪ್ಟುಗಳನ್ನು ಎಲ್ಲಿಗೆ ಸಾಗಿಸೋಣ? ಮೆಸನ್, ಸಿಟೆಸ್ಟ್, ಬೇಜಲ್, ಇಲ್ಲಾ ಇದ್ದಲ್ಲೇ?

ನಾಲ್ಕೇ ಸೆಕೆಂಡು. 312 ಟೆಸ್ಟ್, 312 ಪಾಸ್. ಕೋಡನ್ನು ಕಟ್ಟಿ ಟೆಸ್ಟುಗಳನ್ನೂ ಓಡಿಸಿಕೊಡುವ ಹಳೆಯ ಬಿಲ್ಡ್ ಸಿಸ್ಟಮ್ ಮೇಕ್‌ನಲ್ಲಿ ಇದೇ ಟೆಸ್ಟುಗಳು ಮುಗಿಯಲು ಆರು ನಿಮಿಷ ಬೇಕಿತ್ತು. ಶುರು ಮಾಡಿ ಅಡುಗೆಮನೆಗೆ ಹೋಗಿ ಒಂದು ಲೋಟ ಚಾ ಕುಡಿದು ಬಂದರೂ ಓಡುತ್ತಲೇ ಇರುತ್ತಿದ್ದವು. ಮೆಸನ್ ಎಂಬ ಹೊಸ ಬಿಲ್ಡ್ ಸಿಸ್ಟಮ್‌ಗೆ ಬಂದದ್ದೇ ತಡ, ನಾಲ್ಕು ಸೆಕೆಂಡಾ? ಉಪ್ಪಳದಲ್ಲಿರುವ ಗೆಳೆಯನಿಗೆ ಫೋನ್ ಮಾಡಿದೆ. ಅವನದೂ ಇದೇ ಕಸುಬು. "ಎಂತ ಮಾರಾಯ, ಎಲ್ಲ ಪಾಸ್ ಆಯ್ತಲ್ಲ, ಇನ್ನೆಂತ ಬೇಕು ನಿನಗೆ?" ಎಂದ.

ನನಗೆ ಸಮಾಧಾನ ಆಗಲಿಲ್ಲ. ನೀರ್ಚಾಲಿನ ಮನೆಯಲ್ಲಿ ಕೂತು ನಾನು ನೋಡಿಕೊಳ್ಳುವುದು ಒಂದು ಚಿಕ್ಕ ಸಿ ಲೈಬ್ರರಿ. ನುಡಿ ಮಾದರಿಯ ಹಳೆಯ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿದ ಕನ್ನಡವನ್ನು ಅದು ಯುನಿಕೋಡ್‌ಗೆ ತರುತ್ತದೆ. ಅದರ ಕೋಷ್ಟಕದಲ್ಲಿ 'ಕ್ಷ' ಇರಬೇಕಾದ ಕಡೆ ಬೇಕೆಂದೇ 'ಕ್ಕ' ಬರೆದೆ. 'ಕ್ಷಮಿಸಿ' ಹೋಗಿ 'ಕ್ಕಮಿಸಿ' ಆಗಬೇಕು, ಹತ್ತಿಪ್ಪತ್ತು ಟೆಸ್ಟಾದರೂ ಬೊಬ್ಬೆ ಹೊಡೆಯಬೇಕು ಅಲ್ವಾ? ಓಡಿಸಿದೆ. 312 ಪಾಸ್.

ಆದದ್ದು ಇಷ್ಟು. ನನ್ನ ಪ್ರತಿ ಸ್ಕ್ರಿಪ್ಟೂ ಒಂದು ಸ್ಯಾಂಪಲ್ ಫೋಲ್ಡರಿನ ಹೆಸರು ಹೇಳಿ, ಎಲ್ಲಕ್ಕೂ ಸಾಮಾನ್ಯವಾದ ಒಂದು ಫೈಲನ್ನು ಕರೆಯುತ್ತದೆ. ಆ ಫೈಲಿನಲ್ಲಿ ಒಂದು ಲೂಪ್: ಫೋಲ್ಡರಿನ ಒಂದೊಂದೇ ಪಠ್ಯ ಫೈಲನ್ನು ತೆಗೆದುಕೋ, ಅದು ನಿಜವಾಗಿ ಫೈಲ್ ಅಲ್ಲದಿದ್ದರೆ ಬಿಟ್ಟು ಮುಂದೆ ಹೋಗು, ಫೈಲೇ ಆದರೆ ಪರಿವರ್ತಿಸಿ ಹೋಲಿಸು. ಸಾಮಾನ್ಯ ಫೈಲನ್ನು ಸ್ಕ್ರಿಪ್ಟ್ ಇರುವ ಜಾಗದಿಂದ ಹುಡುಕುತ್ತಿತ್ತು, ಸ್ಯಾಂಪಲ್ಲನ್ನು ಮಾತ್ರ ಓಡಿಸುವಾಗ ನಿಂತ ಫೋಲ್ಡರಿನಿಂದ. ಮೇಕ್‌ನಲ್ಲಿ ಎರಡೂ ಒಂದೇ ಆಗಿತ್ತು. ಮೆಸನ್ ಟೆಸ್ಟುಗಳನ್ನು ಬಿಲ್ಡ್ ಡೈರೆಕ್ಟರಿಯಲ್ಲಿ, ಅಂದರೆ ಕಟ್ಟಿದ ಫೈಲುಗಳು ಬೀಳುವ ಫೋಲ್ಡರಿನಲ್ಲಿ ನಿಂತು ಓಡಿಸುತ್ತದೆ, ಅಲ್ಲಿ ಸ್ಯಾಂಪಲ್ ಇಲ್ಲ. ಲೂಪ್ ಖಾಲಿ ಸುತ್ತಿತು, ಸ್ಕ್ರಿಪ್ಟ್ ಮುಗಿದಾಗ ಹೇಳುವ ಸಂಖ್ಯೆ, ಅಂದರೆ ಎಕ್ಸಿಟ್ ಕೋಡ್ ಸೊನ್ನೆ; ಸೊನ್ನೆ ಅಂದರೆ ಪಾಸ್. ಏನನ್ನೂ ಪರೀಕ್ಷಿಸದೆ 312 ಸಲ ಪಾಸ್!

ಇದನ್ನು ನಮ್ಮ ಕಾಸರಗೋಡಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಂದು ನನ್ನ ಅಜ್ಜ ಅಂಗಳ ದಾಟದೆಯೇ ಮದ್ರಾಸಿನವರಿದ್ದವರು ಕೇರಳದವರಾದರು. ಮನೆ ಅದೇ, ತೋಟ ಅದೇ, ಆಡುವ ಮಾತೂ ಅದೇ. ಕಚೇರಿಯ ಕಾಗದ ಮಾತ್ರ ಬೇರೆ ಭಾಷೆಯದ್ದಾಯಿತು. ಬಿಲ್ಡ್ ಸಿಸ್ಟಮ್ ಬದಲಾಯಿಸುವುದೂ ಹೀಗೇ. ಸ್ಕ್ರಿಪ್ಟಿನಲ್ಲಿ ಒಂದಕ್ಷರ ಬದಲಾಗುವುದಿಲ್ಲ, ಮೇಲಿನ ಸರ್ಕಾರ ಬೇರೆ. ಹಾಗಾಗಿ ಯಾವ ಸಿಸ್ಟಮ್ ವೇಗ, ಯಾವುದರ ಭಾಷೆ ಚೆಂದ ಎಂದು ನೋಡುವ ಮೊದಲು ನಿಮ್ಮ ಸ್ಕ್ರಿಪ್ಟುಗಳು ಹಳೆಯ ಸರ್ಕಾರದ ಯಾವ್ಯಾವ ಅಭ್ಯಾಸವನ್ನು ನಂಬಿ ಕೂತಿವೆ ಅಂತ ನೋಡಿ. ಆಯ್ಕೆ ಅಲ್ಲೇ ಮುಕ್ಕಾಲು ಪಾಲು ಮುಗಿಯುತ್ತದೆ.

ಸಾಗಿಸುವ ಮೂರು ದಾರಿ

ಎಲ್ಲಿಗೆ ಅನ್ನುವುದಕ್ಕಿಂತ ಮೊದಲು ಹೇಗೆ ಅನ್ನುವುದು ತೀರ್ಮಾನ ಆಗಬೇಕು.

ಒಂದು, ಎಲ್ಲ ಸ್ಕ್ರಿಪ್ಟುಗಳನ್ನೂ ಓಡಿಸುವ ಒಂದು ದೊಡ್ಡ ಸ್ಕ್ರಿಪ್ಟ್ ಬರೆದು ಹೊಸ ಸಿಸ್ಟಮ್‌ಗೆ ಅದನ್ನೊಂದೇ ಟೆಸ್ಟ್ ಎಂದು ತೋರಿಸುವುದು. ಅರ್ಧ ಗಂಟೆಯ ಕೆಲಸ. ಆದರೆ ಹೊಸ ಸಿಸ್ಟಮ್‌ನ ಪ್ರಯೋಜನ ಒಂದೂ ಸಿಗುವುದಿಲ್ಲ: ಒಟ್ಟೊಟ್ಟಿಗೆ ಓಡಿಸಲಾಗದು, ಫೇಲ್ ಆದದ್ದನ್ನು ಮಾತ್ರ ಮತ್ತೆ ಓಡಿಸಲಾಗದು, ಯಾವುದು ಫೇಲ್ ಅಂತ ತಿಳಿಯಲು ಉದ್ದದ ಲಾಗ್ ಓದಬೇಕು. ಮೊದಲ ವಾರಕ್ಕೆ ತಾತ್ಕಾಲಿಕವಾಗಿ ಸರಿ. ತಾತ್ಕಾಲಿಕ ಅಂತ ಹಾಕಿದ್ದು ಐದು ವರ್ಷ ಉಳಿಯುತ್ತದೆ ಅನ್ನುವುದು ಬೇರೆ ಮಾತು.

ಎರಡು, ಒಂದೊಂದು ಸ್ಕ್ರಿಪ್ಟನ್ನೂ ಒಂದೊಂದು ಟೆಸ್ಟ್ ಆಗಿ ನೋಂದಾಯಿಸುವುದು. ಕೆಲಸ ಜಾಸ್ತಿ, ಆದರೆ ಮೂರರಲ್ಲಿ ನನ್ನ ಮತ ಇದಕ್ಕೇ.

ಮೂರು, ಹೇಗೂ ಕೈ ಹಾಕಿದ್ದೇವೆ, ಶೆಲ್ ಬಿಟ್ಟು ಪೈಥಾನ್‌ನಲ್ಲಿ ಹೊಸದಾಗಿ ಬರೆದುಬಿಡೋಣ ಅನ್ನುವುದು. ಬೇಡ. ಸಿಸ್ಟಮ್ಮೂ ಹೊಸದು, ಟೆಸ್ಟೂ ಹೊಸದು ಆದರೆ ಒಂದು ಟೆಸ್ಟ್ ಕೆಂಪಾದಾಗ, ಅಂದರೆ ಫೇಲ್ ಆದಾಗ, ಯಾರನ್ನು ಹಿಡಿಯುತ್ತೀರಿ? ಸಾಗಿಸಿ ಮುಗಿಸಿ, ಎರಡು ತಿಂಗಳು ಬಿಟ್ಟು ಬೇಕಾದರೆ ಬರೆಯಿರಿ.

ಈಗ ಸಿಸ್ಟಮ್‌ಗಳ ವಿಷಯ. ನಾನು ಹೊರಟದ್ದು ಮೇಕ್‌ನಿಂದ; ಅದಕ್ಕೆ ಬೇಕಾದ ಫೈಲುಗಳನ್ನು ಆಟೋಮೇಕ್ ಎಂಬ ಉಪಕರಣ ಬರೆದುಕೊಡುತ್ತಿತ್ತು. ಮೇಕ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದದ್ದು, ಟ್ಯಾಬ್ ಬದಲು ಸ್ಪೇಸ್ ಬಿದ್ದರೆ ಈಗಲೂ ಸಿಟ್ಟಾಗುತ್ತದೆ. ಎದುರಿಗೆ ಇದ್ದದ್ದು ಮೂರು: ಮೆಸನ್, ಸಿಮೇಕ್ ಎಂಬ ಬಿಲ್ಡ್ ಸಿಸ್ಟಮ್‌ನ ಜೊತೆಗೇ ಬರುವ ಸಿಟೆಸ್ಟ್, ಮತ್ತು ಗೂಗಲ್ 2015ರಲ್ಲಿ ಎಲ್ಲರಿಗೂ ತೆರೆದ ಬೇಜಲ್. ಒಂದೊಂದರ ಗುಣಗಾನ ಮಾಡುವುದಿಲ್ಲ. ಸ್ಕ್ರಿಪ್ಟಿನ ಕಡೆಯಿಂದ ನೋಡೋಣ.

ಎಕ್ಸಿಟ್ ಕೋಡ್ 77ರ ಕಥೆ

ನನ್ನ ಕೆಲವು ಟೆಸ್ಟುಗಳಿಗೆ ಅಕ್ಷರಗಳನ್ನು ಜೋಡಿಸಿ ಕೂರಿಸುವ ಹಾರ್ಫ್‌ಬಜ್ ಲೈಬ್ರರಿ ಬೇಕು. ಒತ್ತಕ್ಷರ ಸರಿಯಾಗಿ ಕೂತಿದೆಯೇ ಎಂದು ನೋಡಲು. ಯಂತ್ರದಲ್ಲಿ ಅದು ಇಲ್ಲದಿದ್ದರೆ ಸ್ಕ್ರಿಪ್ಟ್ 77 ಎಂದು ಹೇಳಿ ಹೊರಬರುತ್ತದೆ. ಆಟೋಮೇಕ್‌ನಲ್ಲಿ 77 ಅಂದರೆ 'ಬಿಟ್ಟೆ', ಪಾಸೂ ಅಲ್ಲ ಫೇಲೂ ಅಲ್ಲ. 99 ಅಂದರೆ 'ಟೆಸ್ಟೇ ಕೆಟ್ಟಿದೆ'. ಮೆಸನ್ ಈ ಎರಡನ್ನೂ ಹಾಗೇ ಒಪ್ಪಿಕೊಂಡಿದೆ, ಒಂದು ಸಾಲೂ ಬದಲಾಯಿಸಬೇಕಾಗಿಲ್ಲ. ಆಟೋಮೇಕ್‌ನಿಂದ ಬರುವವರಿಗೆ ಮೆಸನ್ ಹತ್ತಿರದ ನೆಂಟ ಅನ್ನಿಸುವುದು ಇದಕ್ಕೇ.

ಸಿಟೆಸ್ಟ್‌ಗೆ 77 ಅರ್ಥವಾಗದು. ಸೊನ್ನೆ ಅಲ್ಲದ್ದೆಲ್ಲ ಫೇಲ್. ಪ್ರತಿ ಟೆಸ್ಟಿಗೂ ಸ್ಕಿಪ್ ರಿಟರ್ನ್ ಕೋಡ್ 77 ಎಂದು ಹೇಳಿಕೊಡಬೇಕು, ಲೂಪಿನಲ್ಲಿ ಹಾಕಿದರೆ ಒಂದೇ ಸಾಲು, ದೊಡ್ಡ ಕಷ್ಟವಲ್ಲ. ಆದರೆ ಮರೆತರೆ ಒಮ್ಮೆಲೇ ನಲವತ್ತು ಟೆಸ್ಟ್ ಕೆಂಪಾಗುತ್ತವೆ. ಕೆಂಪಾದರೆ ಒಳ್ಳೆಯದೇ, ಕಣ್ಣಿಗೆ ಬೀಳುತ್ತದೆ.

ಬೇಜಲ್‌ನಲ್ಲಿ 'ಬಿಟ್ಟೆ' ಅನ್ನುವ ಫಲಿತಾಂಶವೇ ಇಲ್ಲ. ಪಾಸ್ ಇಲ್ಲಾ ಫೇಲ್. ಜನ ಏನು ಮಾಡುತ್ತಾರೆ ಎಂದರೆ 77 ಇದ್ದ ಕಡೆ ಸೊನ್ನೆ ಬರೆದುಬಿಡುತ್ತಾರೆ. ಅಲ್ಲಿಗೆ ಹಾರ್ಫ್‌ಬಜ್ ಇಲ್ಲದ ಯಂತ್ರದಲ್ಲಿ ಒತ್ತಕ್ಷರದ ಟೆಸ್ಟ್ ಎಲ್ಲ ಪಾಸ್! ಬೇಜಲ್‌ನವರ ಉತ್ತರ ಬೇರೆ: ಯಂತ್ರದಲ್ಲಿ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಬರಬಾರದು, ಹಾರ್ಫ್‌ಬಜ್ಜನ್ನೂ ಬಿಲ್ಡಿನ ಒಳಗೇ ತನ್ನಿ. ವಾದ ಸರಿ. ಒಬ್ಬನೇ ನೋಡಿಕೊಳ್ಳುವ ಲೈಬ್ರರಿಗೆ ಅದು ತಲೆಗಿಂತ ದೊಡ್ಡ ಮುಂಡಾಸು.

ಅಂದ ಹಾಗೆ 99 ನನ್ನ ಮೂಲ ರೋಗಕ್ಕೂ ಮದ್ದಾಯಿತು. ಲೂಪಿನಲ್ಲಿ ಎಷ್ಟು ಫೈಲ್ ಹೋಲಿಸಿದೆ ಎಂದು ಎಣಿಸಿ, ಕೊನೆಗೆ ಸೊನ್ನೆ ಇದ್ದರೆ 99 ಎಂದು ಹೊರಬರುವಂತೆ ಮಾಡಿದೆ. ಮೆಸನ್ ಮತ್ತು ಆಟೋಮೇಕ್‌ಗೆ ಅದು ದೋಷ, ಸಿಟೆಸ್ಟ್ ಮತ್ತು ಬೇಜಲ್‌ಗೆ ಸಾದಾ ಫೇಲ್, ಎಲ್ಲಿಗೆ ಹೋದರೂ ಕೆಂಪು. ನೀವು ಯಾವ ಸಿಸ್ಟಮ್ ಆರಿಸಿದರೂ ಸರಿ, ಸಾಗಿಸುವ ಮೊದಲು ಹಳೆಯದರಲ್ಲೇ ಈ ಮೂರು ಸಾಲು ಸೇರಿಸಿ.

ನಿಲ್ಲುವ ಜಾಗ ಮತ್ತು ಪರಿಸರ

ಮೆಸನ್ ಬಿಲ್ಡ್ ಡೈರೆಕ್ಟರಿಯ ಬುಡದಲ್ಲಿ ನಿಲ್ಲುತ್ತದೆ. ಸಿಟೆಸ್ಟ್ ಟೆಸ್ಟನ್ನು ಸೇರಿಸಿದ ಫೋಲ್ಡರಿಗೆ ಜೋಡಿಯಾದ ಬಿಲ್ಡ್ ಫೋಲ್ಡರಿನಲ್ಲಿ ನಿಲ್ಲುತ್ತದೆ. ಎರಡರಲ್ಲೂ ಜಾಗ ಬದಲಾಯಿಸಲು ಒಂದು ಆಯ್ಕೆ ಇದೆ. ನಾನು ಮೊದಲು ಅದನ್ನೇ ಬಳಸಿ ಸೋರ್ಸ್ ಫೋಲ್ಡರಿಗೆ ತಂದು ನಿಲ್ಲಿಸಿದೆ, ಆಮೇಲೆ ಬೇಡ ಅನ್ನಿಸಿತು. ಅಲ್ಲಿ ನಿಂತರೆ ಸ್ಕ್ರಿಪ್ಟುಗಳು ಬರೆಯುವ ಹೊಲಸೆಲ್ಲ ಸೋರ್ಸಿನೊಳಗೇ ಬೀಳುತ್ತದೆ. ಸೋರ್ಸ್ ಎಲ್ಲಿದೆ ಎಂದು ಒಂದು ಪರಿಸರ ಚರದಲ್ಲಿ (ಎನ್ವಿರಾನ್‌ಮೆಂಟ್ ವೇರಿಯಬಲ್) ಹೇಳಿಕೊಡುವುದು ವಾಸಿ. ಆಟೋಮೇಕ್‌ನಲ್ಲಿ ಅದಕ್ಕೆ ಎಸ್‌ಆರ್‌ಸಿಡಿರ್ ಎಂಬ ಹೆಸರಿತ್ತು, ಅದೇ ಹೆಸರನ್ನು ಹೊಸದರಲ್ಲೂ ಕೊಟ್ಟರೆ ಸ್ಕ್ರಿಪ್ಟ್ ಎರಡೂ ಕಡೆ ಓಡುತ್ತದೆ.

ಬೇಜಲ್ ತೀರಾ ಕಟ್ಟುನಿಟ್ಟು. ನೀವು ಡೇಟಾ ಎಂದು ಹೆಸರಿಸಿ ಹೇಳಿದ ಫೈಲುಗಳು ಮಾತ್ರ ಟೆಸ್ಟಿನ ಕೈಗೆ ಸಿಗುವ ಹಾಗೆ ಬೇರೆಯೇ ಒಂದು ಫೋಲ್ಡರ್ ಕಟ್ಟಿ ಅಲ್ಲಿ ಓಡಿಸುತ್ತದೆ. ನಿಮ್ಮ ಶೆಲ್ಲಿನ ಪರಿಸರ ಚರಗಳೂ ಸುಮ್ನೆ ಒಳಗೆ ಬರುವುದಿಲ್ಲ. ಟೈಮ್‌ಝೋನ್ ಕೂಡ ಯುಟಿಸಿ. ದಿನಾಂಕ ಅಚ್ಚು ಹಾಕುವ ಟೆಸ್ಟ್ ಇದ್ದರೆ ಐದೂವರೆ ಗಂಟೆ ಹಿಂದೆ ಹೋಗಿರುತ್ತದೆ, ಬೆಳಗ್ಗೆ ಐದಕ್ಕೆ ಎದ್ದು ಕೆಲಸ ಮಾಡುವವರಿಗೆ ನಿನ್ನೆಯ ತಾರೀಕು ಕಾಣಿಸುತ್ತದೆ. ಇದು ಕಾಟವೂ ಹೌದು, ಉಪಕಾರವೂ ಹೌದು, ಯಾಕೆಂದರೆ ಆ ಟೆಸ್ಟ್ ಮೊದಲಿನಿಂದಲೂ ನಿಮ್ಮ ಗಡಿಯಾರವನ್ನು ನಂಬಿಕೊಂಡಿತ್ತು.

ಇಲ್ಲೊಂದು ಬಿಟ್ಟಿ ಸಲಹೆ. ಸಾಗಿಸುವ ಮೊದಲೇ ಹಳೆಯ ಆಟೋಮೇಕ್‌ನಲ್ಲಿ 'ಮೇಕ್ ಡಿಸ್ಟ್‌ಚೆಕ್' ಓಡಿಸಿ. ಅದು ಸೋರ್ಸನ್ನು ಓದಲು ಮಾತ್ರ ಎಂದು ಬೀಗ ಹಾಕಿ, ಬೇರೆ ಫೋಲ್ಡರಿನಲ್ಲಿ ಕಟ್ಟಿ, ಅಲ್ಲಿಂದ ಟೆಸ್ಟ್ ಮಾಡುತ್ತದೆ. ಅಲ್ಲಿ ಬೀಳುವ ಸ್ಕ್ರಿಪ್ಟುಗಳು ಹೊಸ ಕಡೆಯೂ ಬೀಳುತ್ತವೆ. ನಾನು ವರ್ಷಗಟ್ಟಲೆ ಅದನ್ನು ಓಡಿಸಿರಲಿಲ್ಲ, ಓಡಿಸಿದ್ದರೆ ಈ ಅರ್ಧ ಲೇಖನ ಬರೆಯಬೇಕಾಗಿರಲಿಲ್ಲ.

ಒಟ್ಟೊಟ್ಟಿಗೆ ಓಡಿದಾಗ

ಮೇಕ್ ಮತ್ತು ಸಿಟೆಸ್ಟ್ ನೀವು ಹೇಳದಿದ್ದರೆ ಒಂದಾದ ಮೇಲೊಂದರಂತೆ ಓಡಿಸುತ್ತವೆ. ಮೆಸನ್ ಮತ್ತು ಬೇಜಲ್ ಕೇಳದೆಯೇ ಒಟ್ಟಿಗೆ ಓಡಿಸುತ್ತವೆ. ನನ್ನ ಲ್ಯಾಪ್‌ಟಾಪಿಗೆ ನಾಲ್ಕು ಕೋರ್. ಸ್ಯಾಂಪಲ್ ಜಾಗ ಸರಿಮಾಡಿದ ಮೇಲೆ ಆರು ನಿಮಿಷದ್ದು ಎರಡು ನಿಮಿಷದೊಳಗೆ ಮುಗಿಯಿತು, ಈ ಸಲ ನಿಜವಾಗಿ. ಆದರೆ ಮೂರು ಟೆಸ್ಟ್ ಒಮ್ಮೆ ಪಾಸ್, ಒಮ್ಮೆ ಫೇಲ್.

ನೋಡಿದರೆ ಮೂರೂ ಟೆಂಪ್ ಫೋಲ್ಡರಿನ ಒಂದೇ ಫೈಲಿಗೆ ಬರೆಯುತ್ತಿದ್ದವು. ಅಡಿಕೆ ಸುಲಿಯುವಾಗ ಇಬ್ಬರು ಒಂದೇ ಬುಟ್ಟಿಗೆ ಹಾಕಿದ ಹಾಗೆ. ಸಂಜೆ ಲೆಕ್ಕಕ್ಕೆ ಕೂತಾಗ ಯಾರದ್ದು ಎಷ್ಟು ಅಂತ ದೇವರಿಗೇ ಗೊತ್ತು. ಒಬ್ಬರಾದ ಮೇಲೆ ಒಬ್ಬರು ಕೂತಿದ್ದಾಗ ಇದು ತೊಂದರೆಯೇ ಆಗಿರಲಿಲ್ಲ.

ಇದಕ್ಕೆ ಬುಟ್ಟಿ ಬೇರೆ ಮಾಡುವುದೇ ಸರಿಯಾದ ದಾರಿ. ಬೇಜಲ್ ಪ್ರತಿ ಟೆಸ್ಟಿಗೂ ಅದರದೇ ಟೆಂಪ್ ಫೋಲ್ಡರ್ ಕೊಡುತ್ತದೆ, ಉಳಿದ ಕಡೆ ಪ್ರತಿ ಸಲ ಹೊಸ ಹೆಸರಿನ ಟೆಂಪ್ ಫೈಲ್ ಮಾಡಿಕೊಡುವ ಎಂಕೆಟೆಂಪನ್ನು ನೀವೇ ಬಳಸಬೇಕು. ತಕ್ಷಣ ಆಗದಿದ್ದರೆ ಮೆಸನ್‌ನಲ್ಲಿ ಆ ಟೆಸ್ಟನ್ನು ಒಂಟಿಯಾಗಿ ಓಡಿಸು ಎನ್ನಬಹುದು, ಆಗ ಬಾಕಿ ಎಲ್ಲವೂ ಕಾಯುತ್ತವೆ. ಈ ವಿಷಯದಲ್ಲಿ ಸಿಟೆಸ್ಟ್ ಜಾಣ. ಒಂದು ಬೀಗಕ್ಕೆ ಹೆಸರಿಟ್ಟು, ಅದೇ ಬೀಗದ ಟೆಸ್ಟುಗಳು ಮಾತ್ರ ಒಟ್ಟಿಗೆ ಓಡದ ಹಾಗೆ ಮಾಡಬಹುದು, ಉಳಿದವು ತಮ್ಮ ಪಾಡಿಗೆ ಓಡುತ್ತಿರುತ್ತವೆ. ಡೇಟಾಬೇಸ್, ಪೋರ್ಟ್ ನಂಬರ್ ಅಂತೆಲ್ಲ ಹಂಚಿಕೊಳ್ಳುವ ಟೆಸ್ಟುಗಳು ಜಾಸ್ತಿ ಇದ್ದರೆ ಇದೊಂದೇ ಕಾರಣಕ್ಕೆ ಸಿಟೆಸ್ಟ್ ಆರಿಸಬಹುದು.

ಮೆಸನ್‌ನ ಇನ್ನೊಂದು ಗುಟ್ಟು ಹೇಳಿಬಿಡುತ್ತೇನೆ. ಟೆಸ್ಟ್ ಓಡಿಸುವಾಗ ಅದು ಮ್ಯಾಲಕ್ ಪರ್ಟರ್ಬ್ ಎಂಬ ಪರಿಸರ ಚರಕ್ಕೆ ಪ್ರತಿ ಸಲವೂ ಬೇರೆ ಬೇರೆ ಸಂಖ್ಯೆ ಕೊಡುತ್ತದೆ. ಲಿನಕ್ಸ್‌ನ ಸಿ ಲೈಬ್ರರಿ ಗ್ಲಿಬ್‌ಸಿ ಆಗ ಹೊಸದಾಗಿ ಕೊಡುವ ಮೆಮೊರಿಯಲ್ಲಿ ಕಸ ತುಂಬಿ ಕೊಡುತ್ತದೆ. ಸಿ ಕೋಡಿನಲ್ಲಿ ಮೆಮೊರಿಗೆ ಬೆಲೆ ಹಾಕದೆಯೇ ಓದಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ನನ್ನದು ಸಿಕ್ಕಿಬಿತ್ತು, ಅರ್ಕಾವತ್ತಿನ ಕೋಡಿನಲ್ಲಿ. ಮೊದಲು ಮೆಸನ್‌ಗೇ ಬೈದೆ.

ಸಮಯ ಮತ್ತು ಹಳಸಲು

ಟೈಮ್‌ಔಟ್ ಹೀಗಿದೆ. ಆಟೋಮೇಕ್‌ಗೆ ಅದರ ಗೊಡವೆಯೇ ಇಲ್ಲ, ಟೆಸ್ಟ್ ನೇತು ಬಿದ್ದರೆ ಬೆಳಗಿನವರೆಗೂ ಕಾಯುತ್ತದೆ. ಸಿಟೆಸ್ಟ್ 1500 ಸೆಕೆಂಡು ಕಾಯುತ್ತದೆ, ಅಂದರೆ 25 ನಿಮಿಷ. ಮೆಸನ್ 30 ಸೆಕೆಂಡಿಗೇ ಕತ್ತು ಹಿಸುಕುತ್ತದೆ. ಬೇಜಲ್‌ನಲ್ಲಿ ಟೆಸ್ಟಿನ ಗಾತ್ರ ಹೇಳಬೇಕು: ಸ್ಮಾಲ್ 60, ಮೀಡಿಯಂ 300, ಲಾರ್ಜ್ 900, ಎನಾರ್ಮಸ್ 3600 ಸೆಕೆಂಡು, ಏನೂ ಹೇಳದಿದ್ದರೆ ಮೀಡಿಯಂ. ನಿಧಾನದ ಯಂತ್ರದಲ್ಲಿ ಮೆಮೊರಿ ತಪ್ಪು ಹುಡುಕುವ ವಾಲ್‌ಗ್ರೈಂಡ್ ಹಾಕಿ ಓಡಿಸುವವರಿಗೆ ಮೆಸನ್‌ನ 30 ಸಾಲದು, ಆದರೆ ಎಲ್ಲದರ ಸಮಯವನ್ನೂ ಒಟ್ಟಿಗೆ ಹತ್ತು ಪಟ್ಟು ಮಾಡುವ ಆಯ್ಕೆ ಇದೆ.

ಇನ್ನು ಹಳಸಲಿನ ವಿಷಯ. ಸಿಟೆಸ್ಟ್ ಟೆಸ್ಟ್ ಓಡಿಸುವ ಮೊದಲು ಬಿಲ್ಡ್ ಮಾಡುವುದಿಲ್ಲ! ಕೋಡ್ ತಿದ್ದಿ ನೇರ ಸಿಟೆಸ್ಟ್ ಕೊಟ್ಟರೆ ಅದು ಪರೀಕ್ಷಿಸುವುದು ನಿನ್ನೆಯ ಬೈನರಿಯನ್ನು. ಮೆಸನ್ ಮತ್ತು ಬೇಜಲ್ ಮೊದಲು ಕಟ್ಟಿ ಆಮೇಲೆ ಓಡಿಸುತ್ತವೆ. ಬೇಜಲ್‌ನ ಹಳಸಲು ಇನ್ನೊಂದು ನಮೂನೆಯದ್ದು. ಬದಲಾಗದ ಟೆಸ್ಟನ್ನು ಅದು ಓಡಿಸುವುದೇ ಇಲ್ಲ, ಹಿಂದಿನ ಫಲಿತಾಂಶವನ್ನೇ ಎತ್ತಿ 'ಕ್ಯಾಶ್ಡ್, ಪಾಸ್ಡ್' ಎಂದು ತೋರಿಸುತ್ತದೆ. ಮಳೆಗಾಲದಲ್ಲಿ ಟೆಸ್ಟ್ ಅರ್ಧಕ್ಕೆ ಬಂದಾಗ ಕರೆಂಟ್ ಹೋಗಿ ಬ್ಯಾಟರಿಯೂ ಮುಗಿಯುವ ನಮ್ಮಂಥವರಿಗೆ ಇದು ವರವೇ, ಬಾಕಿ ಇದ್ದದ್ದು ಮಾತ್ರ ಓಡುತ್ತದೆ. ಆದರೆ ಸ್ಕ್ರಿಪ್ಟ್ ನೀವು ಹೆಸರಿಸದ ಫೈಲನ್ನು ಪೂರ್ತಿ ದಾರಿ ಕೊಟ್ಟು ಓದುತ್ತಿದ್ದರೆ, ಆ ಫೈಲ್ ಬದಲಾದದ್ದು ಬೇಜಲ್‌ಗೆ ಗೊತ್ತಾಗದು. ಹಳೆಯ ಪಾಸನ್ನೇ ತೋರಿಸುತ್ತಿರುತ್ತದೆ.

ಟೆಸ್ಟೇ ಇಲ್ಲದಿದ್ದರೆ ಯಾರು ಏನು ಹೇಳುತ್ತಾರೆ ಎಂದೂ ನೋಡಿ. ಸಿಮೇಕ್‌ನ ಮೇಲಿನ ಫೈಲಿನಲ್ಲಿ 'ಎನೇಬಲ್ ಟೆಸ್ಟಿಂಗ್' ಬರೆಯಲು ಮರೆತರೆ ಸಿಟೆಸ್ಟ್ 'ಟೆಸ್ಟ್ ಸಿಗಲಿಲ್ಲ' ಎಂದು ಮೂರು ಆಶ್ಚರ್ಯಚಿಹ್ನೆ ಹಾಕಿ ಹೇಳಿ, ಎಕ್ಸಿಟ್ ಕೋಡ್ ಸೊನ್ನೆ ಕೊಟ್ಟು ಹೋಗುತ್ತದೆ. ಕೋಡ್ ಬದಲಾದಾಗಲೆಲ್ಲ ತಾನೇ ಟೆಸ್ಟ್ ಓಡಿಸುವ ಸಿಐ ಯಂತ್ರ ಆಶ್ಚರ್ಯಚಿಹ್ನೆ ಓದುವುದಿಲ್ಲ, ಸೊನ್ನೆ ನೋಡಿ ಹಸಿರು ಹಾಕುತ್ತದೆ. ಟೆಸ್ಟ್ ಇಲ್ಲದಿದ್ದರೆ ದೋಷ ಎಂದು ಎಣಿಸುವ ಆಯ್ಕೆ ಸಿಮೇಕ್ 3.12ರಿಂದ ಇದೆ, ಹಾಕಿಕೊಳ್ಳಿ. ಬೇಜಲ್ ಇಂಥ ಕಡೆ 4 ಎಂಬ ಕೋಡ್ ಕೊಟ್ಟು ಫೇಲ್ ಮಾಡುತ್ತದೆ. ಸಿಟೆಸ್ಟ್‌ನಲ್ಲಿ ಇನ್ನೊಂದು: ಔಟ್‌ಪುಟ್‌ನಲ್ಲಿ ಇಂಥ ಪದ ಕಂಡರೆ ಪಾಸ್ ಎಂದು ಬರೆಯುವ ಸೌಕರ್ಯ ಬಳಸಿದರೆ ಎಕ್ಸಿಟ್ ಕೋಡನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ಸಿ ಅಥವಾ ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟ್, ಆಟೋಮೇಕ್‌ನಿಂದ ಬರುತ್ತಿದ್ದೀರಿ, ಹೆಚ್ಚಾಗಿ ಲಿನಕ್ಸ್: ಮೆಸನ್. ದೊಡ್ಡ ಪ್ರಾಜೆಕ್ಟುಗಳಲ್ಲಿ ಸಿಸ್ಟಮ್‌ಡಿ 2017ರಲ್ಲಿ ಇದೇ ದಾರಿ ಹಿಡಿಯಿತು; ಕ್ಯೂಎಮು ಆಟೋಮೇಕ್‌ನಿಂದಲ್ಲ, ತನ್ನದೇ ಮೇಕ್ ಫೈಲುಗಳಿಂದ 2020ರಲ್ಲಿ ಮೆಸನ್‌ಗೆ ಬಂತು. ಒಂದು ಕಿರಿಕಿರಿ ಇದೆ, ಫೈಲುಗಳನ್ನು ನಕ್ಷತ್ರ ಹಾಕಿ ಹಿಡಿಯಲು ಮೆಸನ್ ಬಿಡುವುದಿಲ್ಲ. 312 ಹೆಸರನ್ನೂ ಬರೆಯಬೇಕು. ಮೊದಲು ಬೈದುಕೊಂಡೆ, ಈಗ ಅದೇ ಇಷ್ಟ, ಯಾಕೆಂದರೆ ಫೈಲ್ ಕಾಣೆಯಾದರೆ ಸುಮ್ಮನೆ ಪಟ್ಟಿಯಿಂದ ಜಾರಿಹೋಗುವುದಿಲ್ಲ.

ವಿಂಡೋಸ್‌ನಲ್ಲಿ ವಿಷುಯಲ್ ಸ್ಟುಡಿಯೋ ಬಿಟ್ಟು ಕದಲದ ಜನ ತಂಡದಲ್ಲಿದ್ದರೆ, ಅಥವಾ ನಿಮ್ಮ ಲೈಬ್ರರಿ ಬಳಸುವವರು ಆಗಲೇ ಸಿಮೇಕ್‌ನಲ್ಲಿದ್ದರೆ ಸಿಟೆಸ್ಟ್. ನನ್ನ ಉಪ್ಪಳದ ಗೆಳೆಯ ಆರಿಸಿದ್ದು ಅದನ್ನೇ. ಅವನ ಶೆಲ್ ಸ್ಕ್ರಿಪ್ಟುಗಳು ವಿಂಡೋಸ್‌ನಲ್ಲಿ ಹೇಗೆ ಓಡುತ್ತವೆ ಎಂಬುದು ಮಾತ್ರ ಬೇರೆಯೇ ರಾಮಾಯಣ.

ಬೇಜಲ್, ನಾಲ್ಕಾರು ಭಾಷೆಗಳ ಕೋಡ್ ಒಂದೇ ಕಡೆ ಇದ್ದು, ಟೆಸ್ಟ್ ಗಂಟೆಗಟ್ಟಲೆ ಓಡುತ್ತಿದ್ದು, ಅದನ್ನೇ ನೋಡಿಕೊಳ್ಳಲು ಒಬ್ಬರು ಇದ್ದರೆ ಮಾತ್ರ. ಹಿನ್ನೆಲೆಯಲ್ಲಿ ಅದರ ಜಾವಾ ಸರ್ವರ್ ಕೂತಿರುತ್ತದೆ, ನನ್ನ 8 ಜಿಬಿ ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ತೆರೆದರೆ ಎರಡಕ್ಕೂ ಜಗಳ. ಮೊದಲ ಸಲ ಅದು ಇಳಿಸಿಕೊಳ್ಳುವ ಸಾಮಾನಿಗೆ ಮೊಬೈಲ್ ಡೇಟಾ ನಂಬಿದರೆ ಆ ದಿನ ಅಷ್ಟಕ್ಕೇ ಮುಗಿಯಿತು.

ಇಪ್ಪತ್ತು ಮೂವತ್ತು ಟೆಸ್ಟ್, ವರ್ಷಕ್ಕೆರಡು ಸಲ ಬದಲಾಗುವ ಕೋಡ್? ಇದ್ದಲ್ಲೇ ಇರಿ. ಆ ಮೂರು ಸಾಲಿನ ಎಣಿಕೆ ಸೇರಿಸಿ, ಡಿಸ್ಟ್‌ಚೆಕ್ ಓಡಿಸಿ, ಬೇರೆ ಕೆಲಸ ನೋಡಿ.

ಹೋಗುವುದೇ ಆದರೆ ಹಳೆಯದನ್ನು ಮೊದಲ ದಿನವೇ ಅಳಿಸಬೇಡಿ. ಪೋಸ್ಟ್‌ಗ್ರೆಸ್‌ಕ್ಯುಎಲ್ ಡೇಟಾಬೇಸ್‌ನವರು 2023ರ 16ನೇ ಆವೃತ್ತಿಯಲ್ಲಿ ಮೆಸನ್ ತಂದಾಗ ಹಳೆಯ ಮೇಕ್ ಬಿಲ್ಡನ್ನೂ ಜೊತೆಗೇ ಉಳಿಸಿಕೊಂಡರು. ಎರಡನ್ನೂ ಓಡಿಸಿ, ಟೆಸ್ಟುಗಳ ಹೆಸರಿನ ಪಟ್ಟಿ ತೆಗೆದು ಹೋಲಿಸಿ. ಆಟೋಮೇಕ್ ಪ್ರತಿ ಟೆಸ್ಟಿಗೂ ಟಿಆರ್‌ಎಸ್ ಎಂಬ ಬಾಲದ ಒಂದು ಫೈಲ್ ಬಿಟ್ಟಿರುತ್ತದೆ, ಫಲಿತಾಂಶವೂ ಅದರಲ್ಲೇ ಇರುತ್ತದೆ. ಮೆಸನ್‌ಗೆ ಲಿಸ್ಟ್ ಎಂಬ ಆಯ್ಕೆ, ಸಿಟೆಸ್ಟ್‌ಗೆ ಮೈನಸ್ ದೊಡ್ಡ ಎನ್, ಬೇಜಲ್‌ಗೆ ಕ್ವೆರಿ. ಎರಡು ಪಟ್ಟಿಯನ್ನೂ ಸಾರ್ಟ್ ಮಾಡಿ, ವ್ಯತ್ಯಾಸ ತೋರಿಸುವ ಡಿಫ್‌ಗೆ ಕೊಡಿ. ಸಾರ್ಟ್ ಮಾಡುವಾಗ ಎರಡು ಕಡೆಯೂ ಲೊಕೇಲ್, ಅಂದರೆ ಭಾಷೆಯ ಸೆಟ್ಟಿಂಗ್ ಒಂದೇ ಇರಲಿ, ಇಲ್ಲದಿದ್ದರೆ ಸಾಲುಗಳ ಕ್ರಮವೇ ಬೇರೆಯಾಗಿ ತಲೆ ಕೆಡುತ್ತದೆ.

ನನ್ನ ಡಿಫ್ ಕೊನೆಗೆ ಎರಡೇ ಸಾಲು ತೋರಿಸಿತು. ಹಳೆಯದರಲ್ಲಿ ಇರುವುದು, ಹೊಸದರಲ್ಲಿ ಇಲ್ಲದ್ದು: 'ಕೋಳಿ'. ಹೊಸದರಲ್ಲಿ ಇರುವುದು, ಹಳೆಯದರಲ್ಲಿ ಇಲ್ಲದ್ದು: 'ಕೋಳಿ'. ಕನ್ನಡಕ ಒರೆಸಿ ನೋಡಿದರೂ ಎರಡೂ ಒಂದೇ. ಹಳೆಯ ಪಟ್ಟಿಯನ್ನು ಗೆಳೆಯ ತನ್ನ ಹಳೆಯ ಮ್ಯಾಕ್‌ನಲ್ಲಿ ತೆಗೆದು ಕಳಿಸಿದ್ದ. ಆ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಮ್ ಹೆಸರುಗಳನ್ನು ಬಿಡಿಸಿ ಇಡುತ್ತದೆ. ನಾನು ಟೈಪ್ ಮಾಡಿದ ಓಕಾರ ಒಂದೇ ಕೋಡ್, ಮ್ಯಾಕ್‌ನಲ್ಲಿ ಮೂರು: ಎಕಾರದ ಚಿಹ್ನೆ, ಅದಕ್ಕೆ ಊಕಾರದ್ದು, ಕೊನೆಗೆ ದೀರ್ಘ. ಕನ್ನಡ ಎನ್‌ಕೋಡಿಂಗ್ ಸರಿಮಾಡುವ ಲೈಬ್ರರಿಯ ಟೆಸ್ಟಿಗೇ ಹೀಗಾಯಿತು! ಈಗ ಆ ಫೈಲಿಗೆ ಇಂಗ್ಲಿಷ್ ಅಕ್ಷರದ ಹೆಸರಿಟ್ಟಿದ್ದೇನೆ. "ನಿನ್ನ ಕೋಳಿ ಹೇಗುಂಟು ಮಾರಾಯ?" ಅಂತ ಗೆಳೆಯ ಫೋನ್ ಮಾಡಿದಾಗೆಲ್ಲ ಕೇಳುತ್ತಾನೆ.